ಅಡಕೊತ್ತಲ್ಲ, ಕ್ರಿಂಪಿಂಗ್ ಟೂಲ್



ಮನಿ ಸಾಮಾನಿನ ಕಥಿ ಬರಕೋತ ಬಂದೇನಿ. ಈಳಿಗಿ ಆತು, ಬೀಸೋಕಲ್ಲು ಆತು, ಶ್ಯಾವಿಗಿ ಮಣಿ ಆತು, ಹೋದ ಸಲ ಅಡಕೊತ್ತೂ ಆತು. ಅದನ್ನ ಓದಿದ ಬಾಜೂಮನಿ ಕಾಕು ಒಂದು ಪ್ರಶ್ನಿ ಹಾಕಿದ್ರು. "ಅಲ್ಲವಾ, ನಿಮ್ಮ ಕಪಾಟಿನ್ಯಾಗ ಅಡಕೊತ್ತಿನ ಬಾಜೂಕ ನೀಲಿ ಹಿಡಕಿದ್ದು ಇನ್ನೊಂದು ಅಡಕೊತ್ತು ಅದ ಅಲ್ಲಾ, ಅದರಾಗ ಅಡಿಕಿ ಇಡೋ ಜಾಗಾನ ಇಲ್ಲ. ಅದೇನದು?" ಅದು ಅಡಕೊತ್ತಲ್ಲ ಕಾಕು, ಕ್ರಿಂಪಿಂಗ್ ಟೂಲ್. ಇಂಟರ್ನೆಟ್ ವೈರಿನ ತುದಿಗೆ ಪ್ಲಗ್ ಹಾಕೋ ಇಕ್ಕಳ. ನಮ್ಮ ಅಣ್ಣನ ಮಗಳದು, ನಮ್ಮ ಮನ್ಯಾಗ ಇಟ್ಟಾಳ. ಅಕಿ ಮಾತು ಆಮ್ಯಾಲೆ ಹೇಳ್ತೇನಿ. ಮೊದಲ ಈ ಇಕ್ಕಳದ ಕಥಿ ಕೇಳ್ರಿ. ಇದು ಗಂಡಸರ ಸಾಮಾನು ಅಂತ ನಾವು ತಿಳಕೊಂಡೇವಿ, ಆದ್ರ ಇದರ ಹಿಂದಿನ ನೂರಾ ನಲವತ್ತಕ್ಕೂ ಹೆಚ್ಚು ವರ್ಷದ ಕಥಿಯೊಳಗ ಹೆಣ್ಣಮಕ್ಕಳ ಕೈ ಎಲ್ಲೆಲ್ಲೂ ಅದ.

ಈಗ ಯಾರ ಮನಿಗೆ ಹೋದ್ರೂ ಟಿವಿ ಹಿಂದೋ, ದೇವರ ಖೋಲಿ ಬಾಗಲದ ಮ್ಯಾಲೋ ಒಂದು ಸಣ್ಣ ಡಬ್ಬಿ ಮಿಣಮಿಣ ಅಂತಿರ್ತದ. ಅದರಿಂದ ಒಂದು ವೈರ್ ಇಳದಿರ್ತದ. ವೈರಿನ ತುದಿಗೆ ಉಗುರಿನಷ್ಟು ದೊಡ್ಡ, ಗಾಜಿನಂಥ ಪ್ಲಾಸ್ಟಿಕ್ಕು, ಅದರೊಳಗ ಎಂಟು ಬಂಗಾರ ಬಣ್ಣದ ಹಲ್ಲು. ಅಮೆರಿಕಾದಾಗಿನ ಮಗನ ಮಾರಿ ಕಾಣೋದೂ, ಮೊಮ್ಮಕ್ಕಳ ಅಭ್ಯಾಸ ನಡಿಯೋದೂ ಆ ಎಂಟು ಹಲ್ಲಿನ ಮ್ಯಾಲೆ. ಆ ಹಲ್ಲು ವೈರನ್ನ ಹಿಡಕೊಳ್ಳೋದು ಹ್ಯಾಂಗ?

ತೊಂದರೆ ಏನಂದ್ರ, ತಾಮ್ರಕ್ಕ ಗಾಳಿ ಆಗಿ ಬರಂಗಿಲ್ಲ. ದೇವರ ತಾಮ್ರದ ತಂಬಗಿ ನಾಕು ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕಲಿಲ್ಲಂದ್ರ ಕಪ್ಪಾಗ್ತದ ಅಲ್ಲಾ, ತಂತಿನೂ ಹಂಗ. ಎರಡು ತಂತಿ ಸುಮ್ಮನ ಕೈಲೆ ತಿರುವಿ ಬಿಟ್ರ ಇವತ್ತು ಮಾತು ಹೋಗ್ತದ. ಆರು ತಿಂಗಳಿಗೆ ನಡುವ ಕಿಲುಬು ಹಿಡಿದು ಕರಕರ ಸಪ್ಪಳಾ ಶುರು. ಹಿಂಗಾಗಿ ಕೂಡಿಸಿದ ಜಾಗಾದಾಗ ಗಾಳಿ ಹೋಗಬಾರದು, ಜಗ್ಗಿದ್ರ ಬಿಚ್ಚಬಾರದು, ಸಾವಿರಾರು ಜೋಡಣಿ ಲಗೂನ ಮುಗೀಬೇಕು. ಈ ಮೂರು ಬೇಡಿಕಿ ಸಲುವಾಗಿನ ಒಂದರ ಹಿಂದ ಒಂದು ಕೈಹತ್ಯಾರ ಹುಟ್ಟಿಕೊಂಡಾವ.

ಕಥಿ ಟೆಲಿಫೋನಿನಿಂದ ಶುರು. ಗ್ರಹಾಂ ಬೆಲ್ ಟೆಲಿಫೋನಿಗೆ ಪೇಟೆಂಟ್ ತಗೊಂಡದ್ದು 1876ರಾಗ. ಎರಡ ವರ್ಷಕ್ಕ, 1878ರ ಜನವರಿ 28ಕ್ಕ, ಅಮೆರಿಕಾದ ನ್ಯೂ ಹೇವನ್ ಅನ್ನೋ ಊರಾಗ ಮೊದಲನೇ ಎಕ್ಸ್‌ಚೇಂಜ್ ಶುರು ಆತು. ಗಿರಾಕಿ ಬರೇ 21. ಸರಿಯಾಗಿ ನಾಕ ವರ್ಷಕ್ಕ, 1882ರ ಜನವರಿ 28ಕ್ಕ, ಕಲಕತ್ತಾದಾಗೂ ಎಕ್ಸ್‌ಚೇಂಜ್ ಉದ್ಘಾಟನಿ ಆತು.

ಮೊದಲ ಬೋರ್ಡಿನ ಮುಂದ ತಾರಿನ ಆಫೀಸಿನ ಹುಡುಗೂರನ್ನ ನಿಂದರಿಸಿದ್ರು. ಆ ಹುಡುಗೂರು ಗಿರಾಕಿ ಜೋಡಿ ಒದರ್ಯಾಡೋದು, ಚ್ಯಾಷ್ಟಿ ಮಾಡೋದು ಭಾಳ ಆತು. ಆಗ 1878ರ ಸೆಪ್ಟೆಂಬರ್ 1ಕ್ಕ ಬಾಸ್ಟನ್ನಿನ್ಯಾಗ ಎಮ್ಮಾ ನಟ್ ಅನ್ನೋ ಹೆಣ್ಣಮಗಳನ್ನ ತಗೊಂಡ್ರು. ಅದೇ ದಿನಾ ತಾಸೆರಡು ತಾಸಿನ್ಯಾಗ ಅಕಿ ತಂಗಿ ಸ್ಟೆಲ್ಲಾನೂ ಬಂದ್ಲು. ಅಲ್ಲಿಂದ ಮುಂದ ಟೆಲಿಫೋನಿನ ದನಿ ಅಂದ್ರ ಹೆಂಗಸರ ದನಿ ಅಂತ ಆಗಿಬಿಡ್ತು. ಆದ್ರ ಒಂದು ಗಮನಿಸ್ರಿ. ಬೋರ್ಡಿನ ಮುಂದ ಹೆಣ್ಣಮಕ್ಕಳು ಕೂತ್ರು, ಬೋರ್ಡಿನ ಹಿಂದ ತಂತಿ ಕೂಡಸೋವಾಗ ಬೆಸಗಿ ಕಡ್ಡಿ ಇದ್ದದ್ದು ಗಂಡಸರ ಕೈಯಾಗ. ಈ ಪಾಲು ಯಾರು ಮಾಡಿದ್ರೋ ಏನೋ, ಭಾಳ ಗಟ್ಟಿ ಕೂತದ.

ನಡುವ ತಂತಿ ಬಗ್ಗೆ ಒಂದು ಮಾತು. ಒಂದ ಕಂಬದ ಮ್ಯಾಲೆ ಹತ್ತಾರು ತಂತಿ ಹೋದ್ರ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಸ್ತದ. ಅದಕ್ಕ ಬೆಲ್ 1881ರಾಗ ಒಂದು ಉಪಾಯ ಪೇಟೆಂಟ್ ಮಾಡಿದ: ಹೋಗೋ ತಂತಿ, ಬರೋ ತಂತಿ ಎರಡನ್ನೂ ಬತ್ತಿ ಹೊಸದಂಗ ಹೊಸೀಬೇಕು. ಹೊಸದ್ರ ಹೊರಗಿನ ಗದ್ದಲಾ ಎರಡೂ ತಂತಿಗೆ ಸಮ ಬೀಳ್ತದ, ಒಂದಕ್ಕೊಂದು ಕಳದು ಹೋಗ್ತದ. ಇವತ್ತಿನ ಇಂಟರ್ನೆಟ್ ವೈರ್ ಸುಲದು ನೋಡ್ರಿ, ನಾಕು ಜೋಡಿ ಬತ್ತಿ. ಒಂದೊಂದು ಜೋಡಿ ಒಂದೊಂದು ಬಿಗುವು, ಯಾಕಂದ್ರ ನಾಕೂ ಒಂದ ಸಮ ಹೊಸದ್ರ ಒಳಗೊಳಗ ಅವ ಮಾತಾಡ್ಲಿಕ್ಕೆ ಶುರು ಮಾಡ್ತಾವ.

ಬೆಸಗಿ ಚಲೋನ, ಆದ್ರ ನಿಧಾನ. ಕಡ್ಡಿ ಕಾಯಬೇಕು, ಸೀಸ-ತವರ ಕರಗಬೇಕು, ಹೊಗಿ ಕುಡೀಬೇಕು. ಒಂದು ಹನಿ ತಪ್ಪಿ ಬಿದ್ರ ಬಾಜೂಕಿನ ಎರಡು ಲೈನು ಕೂಡಿಬಿಡ್ತಾವ. 1950ರ ದಶಕದ ಶುರುವಿನ್ಯಾಗ ಅಮೆರಿಕಾದ ಬೆಲ್ ಲ್ಯಾಬ್‌ನವರು ಬೆಂಕಿ ಇಲ್ಲದ ದಾರಿ ಕಂಡುಹಿಡದ್ರು. ಚೌಕ ಮೂಲಿ ಇರೋ ಸಣ್ಣ ಕಂಬಕ್ಕ ಬರಿ ತಂತಿ ಬಿಗಿದು ಸುತ್ತೋದು. ಹೂವಿನ ಕುತಿಗಿಗೆ ದಾರ ಬಿಗೀತೇವಿ ಅಲ್ಲಾ, ಹಂಗ. ಮೂಲಿ ಚೂಪ ಇರ್ತಾವ, ತಂತಿ ಅವಕ್ಕ ಕಚ್ಚಕೊಂಡು ಕೂತದ್ದ ಜಾಗಾದಾಗ ಗಾಳಿಗೂ ಸಂದಿ ಇಲ್ಲ. ಸುತ್ತಲಿಕ್ಕೆ ಪೆನ್ನಿನಂಥದ್ದೊಂದು ಕೈಹತ್ಯಾರ ಬಂತು, ಮುಂದ ಪಿಸ್ತೂಲಿನಂಥದ್ದೂ ಬಂತು.

ಇಂಥಾ ಸೂಕ್ಷ್ಮ ಕೆಲಸಾ ಕಾರಖಾನಿಯೊಳಗ ಯಾರು ಮಾಡ್ತಿದ್ರು? ಷಿಕಾಗೋ ಹತ್ರ ವೆಸ್ಟರ್ನ್ ಎಲೆಕ್ಟ್ರಿಕ್‌ನವರ ಹಾಥಾರ್ನ್ ಕಾರಖಾನಿ ಇತ್ತು, ಬೆಲ್ ಸಂಸ್ಥಾಕ್ಕ ಫೋನ್ ಸಾಮಾನು ಮಾಡೋದು. ಅಲ್ಲೆ 1927ರಿಂದ 1932ರ ತನಕ ಒಂದು ಬ್ಯಾರೆ ಖೋಲ್ಯಾಗ ಐದು ಮಂದಿ ಹೆಣ್ಣಮಕ್ಕಳನ್ನ ಕೂಡಿಸಿ, ಎಕ್ಸ್‌ಚೇಂಜಿಗೆ ಬೇಕಾಗೋ ರಿಲೇ ಜೋಡಸೋ ಕೆಲಸಾ ಕೊಟ್ರು. ಸಾಮಾನು ಕೊಡಲಿಕ್ಕೆ ಇನ್ನೊಬ್ಬಾಕಿ. ನಡುವ ಎಷ್ಟು ವಿಶ್ರಾಂತಿ ಕೊಟ್ರ ಎಷ್ಟು ರಿಲೇ ಆಗ್ತಾವ, ಎಷ್ಟು ತಾಸು ದುಡಸಿದ್ರ ಎಷ್ಟು ಆಗ್ತಾವ ಅಂತ ವರ್ಷಗಟ್ಟಲೆ ಎಣಸಿದ್ರು. ಜಗತ್ತಿನ ಮ್ಯಾನೇಜ್‌ಮೆಂಟ್ ಪುಸ್ತಕದಾಗ ಇವತ್ತಿಗೂ ಆ ಪ್ರಯೋಗದ ಪಾಠ ಅದ. ಪಾಠ ಓದಿದವರಿಗೆ ಕಾರಖಾನಿ ಹೆಸರು ಗೊತ್ತಿರ್ತದ, ಪ್ರೊಫೆಸರ ಹೆಸರು ಗೊತ್ತಿರ್ತದ. ಆ ಹೆಣ್ಣಮಕ್ಕಳ ಹೆಸರು ಕೇಳ್ರಿ, ಯಾರೂ ಹೇಳಂಗಿಲ್ಲ.

ನಮ್ಮ ಕಡೆ ಟೆಲಿಫೋನ್ ಮಾಡೋ ದೊಡ್ಡ ಕಾರಖಾನಿ ಅಂದ್ರ ಬೆಂಗಳೂರಿನ ಐಟಿಐ, 1948ರಾಗ ಶುರು ಆತು. ಅದರ ಸುತ್ತ ಬೆಳದ ಊರಿಗೇ ದೂರವಾಣಿನಗರ ಅಂತ ಹೆಸರು. ಹಿರಿಯರ ಮನ್ಯಾಗ ಕರೀ ಫೋನ್ ಇದ್ರ ಹೊಳ್ಳಿಸಿ ತಳಾ ನೋಡ್ರಿ, ಐಟಿಐ ಅಂತ ಇರ್ತದ. ಇನ್ನೊಂದು ಹೆಮ್ಮಿ ಮಾತು ನಮ್ಮ ಕಿತ್ತೂರಿಂದು. 1984ರಾಗ ಹುಟ್ಟಿದ ಸಿ-ಡಾಟ್ ಸಂಸ್ಥಾದವರು ಹಳ್ಳಿಗಳ ಸಲುವಾಗಿ 128 ಲೈನಿನ ಎಕ್ಸ್‌ಚೇಂಜ್ ಮಾಡಿದ್ರು. ನಮ್ಮ ಬಿಸಲು, ಧೂಳಾ ತಡಕೊಂಡು ಎಸಿ ಇಲ್ಲದ ಖೋಲ್ಯಾಗೂ ನಡಿಯೋವಂಥದ್ದು. ಮೊದಲನೇದನ್ನ 1986ರಾಗ ಹಾಕಿದ್ದು ನಮ್ಮ ಚೆನ್ನಮ್ಮನ ಕಿತ್ತೂರಾಗ. ದಿಲ್ಲಿ, ಮುಂಬೈ ಬಿಟ್ಟು ಕಿತ್ತೂರಿಗೆ ಬಂತು ನೋಡ್ರಿ!

ಈಗ ಇಕ್ಕಳಕ್ಕ ಬರೋಣ. ಬೆಂಕಿ ಇಲ್ಲದ ಜೋಡಣಿಗೆ ಸುತ್ತೋದು ಬಿಟ್ರ ಇನ್ನೂ ಎರಡು ದಾರಿ ಬೆಳದ್ವು. ಒಂದು ಒತ್ತೋದು, ಇನ್ನೊಂದು ಸೀಳೋದು.

ಒತ್ತೋದು ಅಂದ್ರ ಕರಿಗಡಬಿನ ಅಂಚು ಒತ್ತಿದಂಗ. ತಂತಿ ಮ್ಯಾಲೆ ಮೆತ್ತನ್ನ ಲೋಹದ ಕೊಳವಿ ಇಟ್ಟು, ಇಕ್ಕಳಲೆ ಗಟ್ಟಿ ಹಿಚಕೋದು. ಎರಡೂ ಲೋಹ ಒಂದ ಆಗಿಬಿಡಬೇಕು. ಇದನ್ನ ದೊಡ್ಡ ಪ್ರಮಾಣದಾಗ ಬೆಳಸಿದ್ದು 1941ರಾಗ ಅಮೆರಿಕಾದಾಗ ಶುರು ಆದ ಎಎಂಪಿ ಕಂಪನಿ. ಅದರ ಪೂರಾ ಹೆಸರಿನ್ಯಾಗ ವಿಮಾನ, ಹಡಗ ಎರಡೂ ಇದ್ವು, ಯಾಕಂದ್ರ ಅವರ ಗಿರಾಕಿ ಅವೇ. ಯುದ್ಧದ ಕಾಲ. ನಡಗೋ ವಿಮಾನದೊಳಗ ಸಾವಿರಾರು ತಂತಿ, ಒಂದೊಂದಕ್ಕೂ ಬೆಸಗಿ ಹಾಕೋತ ಕೂತ್ರ ವಿಮಾನ ಹಾರೋದು ಯಾವಾಗ? ಇಕ್ಕಳಲೆ ಒಮ್ಮೆ ಒತ್ತಿದ್ರ ಮುಗೀತು.

ಸೀಳೋದು ತಿಳೀಬೇಕಂದ್ರ ನಮ್ಮ ಈಳಿಗಿ ನೆನಸ್ರಿ. ಚಾಕುವಿನ್ಯಾಗ ಅಲಗು ನಡೀತದ, ಕಾಯಿಪಲ್ಲೆ ಸುಮ್ಮನ ಇರ್ತದ. ಈಳಿಗ್ಯಾಗ ಅಲಗು ಸುಮ್ಮನ ನಿಂತಿರ್ತದ, ನಾವು ಕಾಯಿಪಲ್ಲೆ ಅದರ ಮ್ಯಾಲೆ ಒಯ್ತೇವಿ. ಟೆಲಿಫೋನಿನ ಬ್ಲಾಕಿನ್ಯಾಗೂ ಅದೇ ಯುಕ್ತಿ. ಇಬ್ಬಾಯಿ ಇರೋ ಸಣ್ಣ ಅಲಗು ನಿಂತಿರ್ತದ, ನಡುವ ತಂತಿಗಿಂತ ಚೂರು ಇಕ್ಕಟ್ಟಿನ ಸಂದಿ. ಪ್ಲಾಸ್ಟಿಕ್ ಸುಲೀಲಾರದ ತಂತಿಯನ್ನ ಆ ಸಂದಿಯೊಳಗ ಒತ್ತಿಬಿಟ್ರ ಪ್ಲಾಸ್ಟಿಕ್ ತಾನ ಸೀಳಿ ಸರೀತದ, ಒಳಗಿನ ತಾಮ್ರ ಎರಡೂ ಅಲಗಿನ ನಡುವ ಬಿಗಿಯಾಗಿ ಸಿಗಬೀಳ್ತದ. ಗಾಳಿಗೆ ಜಾಗಾ ಇಲ್ಲ. ಒತ್ತಲಿಕ್ಕೆ ಸ್ಪ್ರಿಂಗ್ ಇರೋ ಹಿಡಕಿ ಬೇಕು. ಅದೇ ಪಂಚಿಂಗ್ ಟೂಲ್. ಠಪ್ ಅಂತ ಹೊಡೀತದ, ತಂತಿ ಕೂಡಸ್ತದ, ಹೆಚ್ಚಾದ ತುದಿನೂ ಅದೇ ಪೆಟ್ಟಿಗೆ ಕತ್ತರಸ್ತದ.

ಅಮೆರಿಕಾದಾಗ 1960ರ ದಶಕದಾಗ ಇಂಥಾ 66 ನಂಬರಿನ ಬ್ಲಾಕ್ ಬಂತು, ಆಮ್ಯಾಲೆ 110 ನಂಬರಿಂದು. ಜರ್ಮನಿ ದೇಶದಾಗ ಬರ್ಲಿನ್ನಿನ ಕ್ರೋನ್ ಕಂಪನಿಯವರು ತಮ್ಮದೊಂದು ಮಾಡಿದ್ರು, ಅದರಾಗ ಅಲಗು ಸೊಟ್ಟ ನಿಂತು ತಂತಿ ಹಿಡೀತದ. ಅದಕ್ಕ ಎಲ್ಎಸ್ಎ ಅಂತ ಹೆಸರು. ಜರ್ಮನ್ ಭಾಷಾದಾಗ ಅದರ ಅರ್ಥ ಬೆಸಗಿ ಬ್ಯಾಡ, ಸ್ಕ್ರೂ ಬ್ಯಾಡ, ಸುಲಿಯೋದು ಬ್ಯಾಡ. ನಮ್ಮ ದೇಶದ ಎಕ್ಸ್‌ಚೇಂಜಿಗೂ ಅದೇ ಬಂತು, ಹಿಂಗಾಗಿ ನಮ್ಮ ಲೈನ್‌ಮನ್ನರು ಇವತ್ತಿಗೂ ಆ ಹಿಡಕಿಗೆ ಕ್ರೋನ್ ಟೂಲ್ ಅಂತಾರ.

ಇಲ್ಲಿ ತನಕ ಇವೆಲ್ಲಾ ಕಂಪನಿ ಮಂದಿ ಕೈಯಾಗಿನ ಹತ್ಯಾರ. ಮನ್ಯಾಗಿನವರು ಮುಟ್ಟೋಹಂಗಿಲ್ಲ. ಅಮೆರಿಕಾದಾಗಂತೂ ಫೋನು, ವೈರು ಎಲ್ಲಾ ಕಂಪನಿದು, ಮನಿಯವರು ಬಾಡಿಗಿ ಕೊಡೋರು. ಮಾತಾಡೋದು ಬಾಜೂದವರಿಗೆ ಕೇಳಬಾರದು ಅಂತ ಒಬ್ಬರು ಫೋನಿನ ಬಾಯಿಗೆ ಸಿಗಸೋ ಒಂದು ಬಟ್ಟಲದಂಥ ಮುಚ್ಚಳ ಮಾರಿದ್ರ, ಅದಕ್ಕೂ ಕಂಪನಿ ತಕರಾರು ಹಾಕಿ ಕೋರ್ಟಿನ ತನಕ ಹೋತು. 1956ರಾಗ ಕೋರ್ಟು ಮುಚ್ಚಳದ ಪರವಾಗಿ ತೀರ್ಪು ಕೊಟ್ತು. 1968ರಾಗ ಥಾಮಸ್ ಕಾರ್ಟರ್ ಅನ್ನಾಂವನ ಕಾರ್ಟರ್‌ಫೋನ್ ಅನ್ನೋ ಯಂತ್ರದ ವ್ಯಾಜ್ಯದಾಗ, ಹೊರಗಿನ ಸಾಮಾನೂ ಫೋನ್ ಲೈನಿಗೆ ಹಚ್ಚಬಹುದು ಅಂತ ಸರಕಾರದ ಆಯೋಗ ಹೇಳ್ತು. ಯಾರು ಬೇಕಾದವರು ಹಚ್ಚೋದಾದ್ರ ಹಚ್ಚೋ ತುದಿ ಸುಲಭ ಇರಬೇಕಲ್ಲಾ? ಬೆಲ್ ಸಂಸ್ಥಾದೊಳಗ ಎಡ್ವಿನ್ ಹಾರ್ಡೆಸ್ಟಿ ಅನ್ನೋ ಎಂಜಿನಿಯರ್ ಮಾಡಿದ, ಟಕ್ ಅಂತ ಕೂತು ಟಕ್ ಅಂತ ಬಿಚ್ಚೋ ಪ್ಲಾಸ್ಟಿಕ್ ಪ್ಲಗ್ಗು 1970ರ ದಶಕದಾಗ ಮನಿಮನಿಗೆ ಹೋತು. ಆಯೋಗದ ಪಟ್ಟಿಯೊಳಗ ನೋಂದಣಿ ಆದ ತುದಿಗಳಿಗೆ ಆರ್‌ಜೆ ಅಂತ ಹೆಸರು ಬಂತು. ಹೆಣ್ಣಮಗಳೊಬ್ಬಾಕಿ ತನ್ನ ಫೋನನ್ನ ಅಡಿಗಿಮನಿಯಿಂದ ಪಡಸಾಲಿಗೆ ಯಾರನ್ನೂ ಕೇಳಲಾರದ ಒಯ್ಲಿಕ್ಕೆ ಬಂದದ್ದು ಆವಾಗ.

ನಮ್ಮಲ್ಲೆ ಆ ಹೊತ್ತಿನ್ಯಾಗ ಫೋನ್ ಬರಬೇಕಂದ್ರ ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾಯಬೇಕು. ಬಂದ ಮ್ಯಾಲೆ ಕ್ರೋಷಾ ಹೆಣಿಕಿ ಹೊಚ್ಚಿ ಗ್ವಾಡಿ ಮೂಲ್ಯಾಗ ಇಡೋದು, ದಸರಾಕ್ಕ ಅದಕ್ಕೂ ಕುಂಕುಮ ಹಚ್ಚೋದು. ಲೈನ್‌ಮನ್ ಬಂದ್ರ ಚಹಾ, ಅವಲಕ್ಕಿ. ಆತನ ಚೀಲದಾಗಿನ ಹತ್ಯಾರ ಹತ್ರ ಕೂಸುಗಳನ್ನ ಬಿಡತಿದ್ದಿಲ್ಲ, ನಾವು ಹೆಣ್ಣಮಕ್ಕಳಂತೂ ಬಾಗಲದಾಗ ನಿಂತ ನೋಡೋದು.

ಇನ್ನ ಕಂಪ್ಯೂಟರ್ ಜಾಲದ ಮಾತು. ಬಾಬ್ ಮೆಟ್ಕಾಫ್ ಅನ್ನಾಂವ 1973ರ ಮೇ 22ಕ್ಕ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಾಗ ಈಥರ್ನೆಟ್ ಬಗ್ಗೆ ಟಿಪ್ಪಣಿ ಬರದ. ಮೊದಮೊದಲ ಅದು ಬಟ್ಟು ದಪ್ಪದ ಒಂದ ಕೇಬಲ್ಲು, ಎಲ್ಲಾ ಕಂಪ್ಯೂಟರೂ ಅದಕ್ಕ ಜೋತು ಬೀಳೋವು. ಹೊಸಾ ಕಂಪ್ಯೂಟರ್ ಹಚ್ಚಬೇಕಂದ್ರ ಕೇಬಲ್ಲಿಗೆ ಸಣ್ಣ ಡ್ರಿಲ್ಲಿಲೆ ತೂತು ಹೊಡದು ಒಂದು ಮೊಳಿ ಇಳಸೋದು. ಅದಕ್ಕ ರಕ್ತ ಹೀರೋ ಪಿಶಾಚಿ ಹೆಸರನ್ನ ಇಟ್ಟಿದ್ರು, ವ್ಯಾಂಪೈರ್ ಟ್ಯಾಪ್ ಅಂತ! ಆಮ್ಯಾಲೆ ತೆಳ್ಳನ್ನ ಕೇಬಲ್ ಬಂತು. ಆದ್ರೂ ಒಂದು ಕಡೆ ಸಡಲಾದ್ರ ಇಡೀ ಸಾಲು ಬಂದ್. ದಾರ ಕಡದ್ರ ಮಾಲಿಯ ಎಲ್ಲಾ ಹೂವೂ ಉದರಿದಂಗ.

1990ರಾಗ ಆ ಪದ್ಧತಿ ಬದಲಾತು. ಟೆಲಿಫೋನಿನಂಥ ಹೊಸದ ವೈರಿನ್ಯಾಗನ ಈಥರ್ನೆಟ್ ಓಡಸೋ ನಿಯಮ ಬಂತು. ಒಂದೊಂದು ಕಂಪ್ಯೂಟರಿಗೂ ತನ್ನದ ಬ್ಯಾರೆ ವೈರ್, ಒಂದು ಕೆಟ್ರ ಉಳದವಕ್ಕ ಧಕ್ಕಿ ಇಲ್ಲ. 1991ರಾಗ ಯಾವ ಬಣ್ಣ ಎಲ್ಲೆ ಕೂಡಬೇಕು ಅನ್ನೋ ಪಟ್ಟಿನೂ ಬಂತು. ಹಾರ್ಡೆಸ್ಟಿ ಮಾಡಿದ ಪ್ಲಗ್ಗಿನ ಎಂಟು ಹಲ್ಲಿನ ಅಕ್ಕನ ಇಲ್ಲೆ ಕೆಲಸಕ್ಕ ಬಂದ್ಲು. ಅಕಿನ್ನ ಎಲ್ಲಾರೂ ಆರ್‌ಜೆ45 ಅಂತ ಕರೀತಾರ. ಖರೇ ನೋಡಿದ್ರ ಆ ಹೆಸರು ಮೋಡೆಮ್ಮಿನ ಸಲುವಾಗಿ ಇದ್ದ ಬ್ಯಾರೆ ಒಂದು ತುದಿದು. ಒಬ್ಬಾಕಿ ಹೆಸರು ಇನ್ನೊಬ್ಬಾಕಿಗೆ ಅಂಟಿಬಿಟ್ಟದ, ಈಗ ಯಾರೂ ತಿದ್ದಂಗಿಲ್ಲ.

ಬಣ್ಣದ ಸಾಲು ಹಿಂಗದ: ಬಿಳಿ-ಕಿತ್ತಳಿ, ಕಿತ್ತಳಿ, ಬಿಳಿ-ಹಸರು, ನೀಲಿ, ಬಿಳಿ-ನೀಲಿ, ಹಸರು, ಬಿಳಿ-ಕಂದು, ಕಂದು. ಹಸರು ಜೋಡಿಯನ್ನ ಅಗಲಸಿ ನಡುವ ನೀಲಿ ಜೋಡಿ ಕೂತದ, ಗಮನಿಸಿದ್ರಿ? ಟೆಲಿಫೋನಿನ ಪ್ಲಗ್ಗಿನ್ಯಾಗ ನಟ್ಟನಡುವಿನ ಎರಡು ಹಲ್ಲು ಮೊದಲನೇ ಲೈನಿಂದು. ಆ ಜಾಗಾ ತಪ್ಪಸಬಾರದು ಅಂತ ಹೊಸಾ ಪಟ್ಟಿಯೊಳಗೂ ನಡುವಿನ ಮಣಿ ಅದಕ್ಕ ಬಿಟ್ಟಾರ. ತುಂಬಿದ ಮನ್ಯಾಗ ಅಜ್ಜಿ ಜಾಗಾಕ್ಕ ಯಾರೂ ಕೂಡಂಗಿಲ್ಲ ಅಲ್ಲಾ, ಹಂಗ.

ಕೆಲಸಾ ನೋಡ್ರಿ. ಹೊರಗಿನ ಸಿಪ್ಪಿ ಒಂದು ಬಟ್ಟಿನಷ್ಟು ಸುಲೀಬೇಕು, ಒಳಗಿನ ತಂತಿಗೆ ಗೀರು ಬೀಳಬಾರದು. ಹೊಸದದ್ದನ್ನ ಬಿಚ್ಚೋದು 13 ಮಿಲಿಮೀಟರಿಗಿಂತ ಹೆಚ್ಚಾಗಬಾರದು, ಹೆಚ್ಚಾದ್ರ ಗದ್ದಲಾ ಒಳಗ ಬರ್ತದ. ಎಂಟನ್ನೂ ಸಾಲಾಗಿ ಸಪಾಟ ಮಾಡಿ, ತುದಿ ಒಂದ ಸಮ ಕತ್ತರಿಸಿ, ಪ್ಲಗ್ಗಿನೊಳಗ ಕಡೀತನಕ ದೂಡಬೇಕು. ಆಮ್ಯಾಲೆ ಇಕ್ಕಳದ ಬಾಯಾಗ ಇಟ್ಟು ಒತ್ತಬೇಕು. ಒಂದ ಒತ್ತಿಗೆ ಎರಡು ಕೆಲಸಾ: ಎಂಟೂ ಹಲ್ಲು ಇಳದು ತಂತಿಯ ಪ್ಲಾಸ್ಟಿಕ್ ಸೀಳಿ ತಾಮ್ರ ಕಚ್ಚತಾವ, ಹಿಂದಿನ ಒಂದು ಪಟ್ಟಿ ಹೊರಗಿನ ಸಿಪ್ಪಿಯನ್ನ ಅದುಮಿ ಹಿಡೀತದ. ಸೀಳೋ ದಾರಿ, ಒತ್ತೋ ದಾರಿ ಎರಡೂ ಈ ಇಕ್ಕಳದಾಗ ಕೂಡ್ಯಾವ. ಚಲೋ ಇಕ್ಕಳದಾಗ ಹಲ್ಲಿನ ಗಾಲಿ ಇರ್ತದ, ಪೂರಾ ಒತ್ತೋತನಕ ಅದು ಬಾಯಿ ಬಿಡಂಗಿಲ್ಲ. ಹಿಂಗಾಗಿ ರಟ್ಟಿ ಬಲಾ ಬ್ಯಾಡ. ಕಣ್ಣು, ಬೆರಳು, ತಾಳ್ಮಿ ಬೇಕು. ಸಣ್ಣ ಮಣಿ ಪೋಣಸಿದ, ಗೆಜ್ಜಿವಸ್ತ್ರ ಮಾಡಿದ ಬೆರಳಿಗೆ ಇದು ಹೊಸಾದಲ್ಲ.

ಈಗ ಅಣ್ಣನ ಮಗಳ ಮಾತು. ಹುಬ್ಬಳ್ಳ್ಯಾಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ಲು, ನಂಬರೂ ಚಲೋ ಬಂದ್ವು. ಆಫೀಸುಗಳಿಗೆ ವೈರ್ ಹಾಕೋ ಒಂದು ಕಂಪನಿಗೆ ಇಂಟರ್ವ್ಯೂಕ್ಕ ಹೋದ್ಲು. ಅಲ್ಲೆ ಅಕಿ ಕೈಲೆ ಒಂದು ಪ್ಲಗ್ಗೂ ಹಾಕಸಿ ನೋಡಲಿಲ್ಲ. "ಹುಡುಗಿ ಇದ್ದಿ, ಏಣಿ ಹತ್ತೋ ಕೆಲಸಾ ಯಾಕ, ಗಿರಾಕಿ ಫೋನ್ ತಗೊಳ್ಳೋ ಕುರ್ಚಿ ಖಾಲಿ ಅದ, ದನಿ ಚಲೋ ಅದ ನಿಂದು" ಅಂದ್ರಂತ. ಮನಿಗೆ ಬಂದು ಅಕಿ ಅದನ್ನ ಹೇಳಿದಾಗ ನನಗ ಎಮ್ಮಾ ನಟ್ ನೆನಪಾದ್ಲು. 1878ರಾಗ ಹಾಕಿದ ಗೆರಿ ಇನ್ನೂ ಅಳಸಿಲ್ಲ. ದನಿ ನಿಮ್ಮದು ಇರಲಿ, ಹತ್ಯಾರ ನಮ್ಮ ಕೈಯಾಗ ಇರಲಿ.

ಹುಡುಗಿ ಆ ಕುರ್ಚಿ ಒಲ್ಲೆ ಅಂದ್ಲು. ಇಕ್ಕಳ, ಪಂಚಿಂಗ್ ಟೂಲ್, ಎಂಟು ದೀಪದ ಟೆಸ್ಟರ್ ತನ್ನ ಸ್ಕಾಲರ್‌ಶಿಪ್ ರೊಕ್ಕದಾಗ ತಗೊಂಡ್ಲು. ನಮ್ಮ ಓಣ್ಯಾಗ ಒಂದು ಟ್ಯೂಷನ್ ಕ್ಲಾಸಿಗೆ, ಎರಡು ಮನಿಗೆ ಅಕಿನ ವೈರ್ ಹಾಕ್ಯಾಳ. ವರ್ಷ ಆತು, ಒಂದೂ ತುದಿ ಸಡಲಾಗಿಲ್ಲ. ಈಗ ಹೆಣ್ಣಮಕ್ಕಳ ಹಾಸ್ಟೆಲ್ಲಿನವರು ಮೂರು ಮಜಲಿನ ಪೂರಾ ಕೆಲಸಾ ಅಕಿಗೆ ಕೊಡತೇವಿ ಅಂತಾರ. ನಮ್ಮ ವೈನಿಗೆ ಸಂಕಟ. ಏಣಿ ಮ್ಯಾಲೆ ನಿಂತ ಹುಡುಗಿನ್ನ ಯಾರರ ನೋಡಿದ್ರ ಮುಂದ ಸಂಬಂಧ ಹ್ಯಾಂಗ ಅಂತ. ವೈನಿ ಹೆದರಿಕಿ ಸುಳ್ಳಲ್ಲ. ಹಂಗ ಮಾತಾಡೋರು ನಮ್ಮ ನಡುವನ ಇದ್ದಾರ. ಆದ್ರ ನಾವು ನಾವ ಸುಮ್ಮನಾದ್ರ ಆ ಮಾತು ಅರ್ಧ ಕಡಿಮಿ ಆಗ್ತದ. ಅಕಿ ಏಣಿ ಹತ್ತಿದ್ರ ಕೆಳಗ ಹಿಡಕೊಂಡು ನಿಂದರಲಿಕ್ಕೆ ಇಬ್ಬರು ಅತ್ಯಾರು ಇದ್ದೇವಿ ಅಂತ ವೈನಿಗೆ ನಾನು ಹೇಳೇನಿ. ಅವರಿನ್ನೂ ಹೂಂ ಅಂದಿಲ್ಲ. ಇದನ್ನ ಓದಿ ಒಬ್ಬಿಬ್ಬರು ಅವರಿಗೆ ಫೋನ್ ಹಚ್ಚಿ ಒಂದು ಮಾತು ಹೇಳ್ರಿ, ನಿಮ್ಮ ಮಾತು ಅವರು ತಗದುಹಾಕಂಗಿಲ್ಲ.

ಮನಿ ಕಟ್ಟಸೋರಿಗೆ ಕಡೀಕೊಂದು ಸೂಚನಿ. ಗ್ವಾಡಿ ಗಿಲಾಯಿ ಆಗೋಕಿಂತ ಮೊದಲ ಪ್ರತಿ ಖೋಲಿಗೆ ಒಂದು ಖಾಲಿ ಪೈಪ್ ಬಿಡಸ್ರಿ. ಕರೆಂಟ್ ವೈರಿನ ಪೈಪಿನ್ಯಾಗ ಇಂಟರ್ನೆಟ್ ವೈರ್ ತೂರಸಬ್ಯಾಡ್ರಿ, ಎರಡಕ್ಕೂ ಬ್ಯಾರೆ ಬ್ಯಾರೆ ದಾರಿ ಇರಲಿ. ಪ್ರತಿ ತುದಿಗೂ ಒಂದು ಮೊಳ ವೈರ್ ಹೆಚ್ಚಿಗಿ ಬಿಡಸ್ರಿ, ಪ್ಲಗ್ ಕೆಟ್ರ ಕತ್ತರಿಸಿ ಇನ್ನೊಂದು ಹಾಕಲಿಕ್ಕೆ ಬರ್ತದ. ರೌಟರಿನಿಂದ ಒಂದು ಓಟ 100 ಮೀಟರ್ ದಾಟಬಾರದು, ನಮ್ಮ ಮನಿಗಳಿಗೆ ಅದು ಸಾಕಾಗಿ ಉಳೀತದ. ಗಾಜಿನ ಎಳಿಯ ಫೈಬರ್ ಹೊರಗಿನಿಂದ ಬಂದ್ರೂ ಮನಿಯೊಳಗಿನ ತಾಮ್ರದ ವೈರಿನ ಕೆಲಸಾ ಇನ್ನೂ ಭಾಳ ದಿನಾ ಇರ್ತದ. ಕೆಲಸಾ ಮಾಡೋರು ಬೇಕಾದ್ರ ನನಗ ಕೇಳ್ರಿ, ಹುಡುಗಿ ಕಡೆ ಕಳಸ್ತೇನಿ. ಬಂದಾಗ ಅಕಿಗೂ ಚಹಾ, ಅವಲಕ್ಕಿ ಕೊಡ್ರಿ, ಮತ್ತ ಪಗಾರದಾಗ ಚೌಕಾಶಿ ಮಾಡಬ್ಯಾಡ್ರಿ.